ಮೈನಸ್ ಎರಡೂವರೆಯವರಿಗಾಗಿ ಒಂದು ಪ್ರಾರ್ಥನೆ

ಬೆಳಗಿನ ಆರು ಗಂಟೆ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಆಗಲೇ ಮೇಜಿನ ಮುಂದೆ ಕೂತಿದ್ದಾರೆ. ಸೋಪು ನೀರಿನಿಂದ ಒಂದು ಹಳೆಯ ಕನ್ನಡಕ ಎತ್ತಿ, ಒರೆಸಿ, ಯಂತ್ರದಲ್ಲಿಟ್ಟು ಪವರ್ ನೋಡುತ್ತಾರೆ. ಆಮೇಲೆ ಅದನ್ನೇ ಕಿಟಕಿಯ ಸರಳಿನತ್ತ ಹಿಡಿದು ಮೆಲ್ಲಗೆ ಅತ್ತಿತ್ತ ಆಡಿಸುತ್ತಾರೆ.

"ಸರಳು ಗಾಜಿನ ಜೊತೆಗೇ ಸರಿದ್ರೆ ಮೈನಸ್, ದೂರ ನೋಡೋಕೆ. ಎದುರಾಗಿ ಸರಿದ್ರೆ ಪ್ಲಸ್, ಓದೋಕೆ. ಯಂತ್ರ ಹೇಳುತ್ತೆ, ಸರಿ. ನನ್ನ ಕಣ್ಣೂ ಒಂದ್ಸಲ ಹೇಳ್ಬೇಕು" ಎನ್ನುತ್ತಾರೆ.

ಎರಡು ವಾರದ ಹಿಂದೆ ಸಮುದ್ರದಾಚೆಯ ದೇಶವೊಂದರಲ್ಲಿ ಭೂಮಿ ನಡುಗಿತು. ನಾವೆಲ್ಲ ಟಿ.ವಿ. ನೋಡಿ 'ಅಯ್ಯೋ ಪಾಪ' ಎಂದು ಚಾನೆಲ್ ಬದಲಿಸಿದೆವು. ಕಂಬಳಿ, ಬಟ್ಟೆ, ಔಷಧಿ ಕೊಡುವವರೂ ಮುಂದೆ ಬಂದರು. ಕನ್ನಡಕದ ನೆನಪಾಗಿದ್ದು ಅಕ್ಕನಿಗೆ ಮಾತ್ರ.

"ಜೀವ ಕೈಯಲ್ಲಿ ಹಿಡ್ಕೊಂಡು ಓಡೋವಾಗ ಕನ್ನಡಕ ಯಾರು ಹುಡುಕ್ತಾರೆ? ಉಳಿದ್ಮೇಲೆ ಗೊತ್ತಾಗೋದು, ಏನೂ ಕಾಣ್ತಿಲ್ಲ ಅಂತ. ಮನೆಯವರನ್ನ ಹುಡುಕ್ಬೇಕಾಗಿರೋದೂ ಆಗಲೇ ಅಲ್ವಾ?"

ಅಕ್ಕನಿಗೆ ಐವತ್ತೆಂಟು. ಗಂಡ ತೀರಿಕೊಂಡ ವರ್ಷ ಈ ಕೋಣೆಗೆ ಬಂದವರು ಮೂವತ್ತೊಂದು ವರ್ಷದಿಂದ ಗಾಜು ಉಜ್ಜುತ್ತಿದ್ದಾರೆ. ಮುಂದಿನ ಬಾಗಿಲಲ್ಲಿ ಬಂದು ಹೋಗುವ ಗಿರಾಕಿಗಳು ಅವರ ಮುಖ ನೋಡಿಲ್ಲ. ಅಂಗಡಿ ತೆರೆಯುವುದು ಹತ್ತಕ್ಕೆ. ಅಲ್ಲಿಯವರೆಗೆ ಯಂತ್ರ ಬಳಸಲು ಮಾಲೀಕರ ಒಪ್ಪಿಗೆಯಿದೆ. ಅಲ್ಲಿಗೆ ಕಳಿಸಲೆಂದು ಜನ ತಂದುಕೊಟ್ಟ ಹಳೆಯ ಕನ್ನಡಕಗಳಲ್ಲಿ ದಿನಕ್ಕೆ ನಲವತ್ತು ಪರೀಕ್ಷಿಸುತ್ತಾರೆ, ಅರ್ಧಕ್ಕರ್ಧ ಬೇಡವೆಂದು ಬದಿಗಿಡುತ್ತಾರೆ. ನಾನೂ ಮಹಾ ದಾನಿಯ ಹಾಗೆ ನನ್ನ ಹಳೆಯದೊಂದನ್ನು ಒಯ್ದಿದ್ದೆ. "ಗೀರು ಬಿದ್ದಿದೆಯಲ್ಲ ಸಾರ್, ಇದನ್ನ ನೀವು ಹಾಕ್ಕೋತೀರಾ?" ಎಂದು ಕೇಳಿದರು. ಮುಖ ಸಣ್ಣದು ಮಾಡಿಕೊಂಡು ಜೇಬಿಗೆ ಹಾಕಿಕೊಂಡೆ.

ಪವರ್ ಬರೆದ ಚೀಟಿಯನ್ನು ಕನ್ನಡಕದ ಕಡ್ಡಿಗೆ ಕಟ್ಟಿದ ಮೇಲೆ ಅವರು ಕ್ಷಣ ಹೊತ್ತು ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ. ಏನು ಬೇಡಿಕೊಳ್ಳುತ್ತೀರಿ ಎಂದರೆ ನಾಚಿಕೊಂಡರು. ಜೊತೆಯಲ್ಲೇ ಇರುವ ನಾದಿನಿ, ಕನ್ನಡಕ ತೊಳೆಯುತ್ತಲೇ ಗುಟ್ಟು ಬಿಟ್ಟುಕೊಟ್ಟರು.

"ದೇವ್ರೇ, ಇದು ಮೈನಸ್ ಎರಡೂವರೆ ಇರೋರ ಕೈಗೇ ಸೇರಲಿ, ಅವರ ಮನೆಯವರೂ ಸಿಗಲಿ ಅಂತಾರೆ. ಒಂದೊಂದಕ್ಕೂ ನಂಬರ್ ಹೇಳಿ! ದೇವರೇನು ಕನ್ನಡಕದಂಗಡಿ ಇಟ್ಟಿದಾನಾ ಅತ್ತಿಗೆ ಅಂತ ನಾನು ಕೇಳ್ತೀನಿ."

ಅಕ್ಕ ನಗುತ್ತಾರೆ. ಆ ನಗು ಬೇಗ ಆರುತ್ತದೆ. ಆರು ವರ್ಷದ ಹಿಂದೆ ಇನ್ನೊಂದು ದೇಶದಲ್ಲಿ ಪ್ರವಾಹ ಬಂದಾಗ ಅವಸರದಲ್ಲಿ ಒಂದು ಪೆಟ್ಟಿಗೆಯ ಚೀಟಿಗಳಲ್ಲಿ ಪ್ಲಸ್ ಇದ್ದಲ್ಲಿ ಮೈನಸ್ ಬರೆದುಬಿಟ್ಟಿದ್ದರು. ನಲವತ್ತು ಕನ್ನಡಕ, ದೂರ ಕಾಣದವರ ಕೈಗೆ ಓದುವ ಗಾಜು. ಅಲ್ಲಿಂದ ಪತ್ರ ಬಂತು. ಶಿಬಿರದಲ್ಲಿ ಬದುಕುಳಿದವರ ಪಟ್ಟಿ ಅಂಟಿಸಿದ್ದರಂತೆ. ಕನ್ನಡಕ ಹಾಕಿಕೊಂಡು ಮಗನ ಹೆಸರು ಹುಡುಕುತ್ತ ನಿಂತ ಒಬ್ಬ ಮುದುಕಿಗೆ ಒಂದಕ್ಷರವೂ ಕಾಣಲಿಲ್ಲವಂತೆ.

"ಮಗನ ಹೆಸರು ಇತ್ತೋ ಇಲ್ವೋ, ಪತ್ರದಲ್ಲಿ ಬರೆದಿರಲಿಲ್ಲ. ಆಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ" ಎಂದರು.

ಇವತ್ತು ಒಂಬತ್ತಕ್ಕೆ ಲಾರಿ ಬಂದಿದೆ. ಇನ್ನೂರೈವತ್ತು ಕನ್ನಡಕ ಪೆಟ್ಟಿಗೆಯೊಳಗಿವೆ. ಯಂತ್ರ ನೋಡಿದ, ಅಕ್ಕನ ಕಣ್ಣು ಇನ್ನೂ ನೋಡದ ಇಪ್ಪತ್ತೆರಡು ಮೇಜಿನ ಮೇಲಿವೆ. ಚಾಲಕ ಬಾಗಿಲಲ್ಲಿ ಚಡಪಡಿಸುತ್ತಾನೆ.

"ಹಡಗು ತಪ್ಪಿದ್ರೆ ಇನ್ನು ಹದಿನೈದು ದಿನ ಅಕ್ಕಾ. ಹಾಕ್ಬಿಡಿ ಒಳಗೆ. ಏನೂ ಇಲ್ದೇ ಇರೋರಿಗೆ ಯಾವುದಾದ್ರೇನು?"

"ಹಾಗನ್ಬೇಡಪ್ಪ" ಎಂದಷ್ಟೇ ಹೇಳಿ ಅಕ್ಕ ಕಿಟಕಿಯತ್ತ ತಿರುಗುತ್ತಾರೆ. ನಾದಿನಿ ಗಡಿಯಾರ ನೋಡುತ್ತಾರೆ. ನಾನೂ ನೋಡುತ್ತೇನೆ. ಲಾರಿಯ ಹಾರ್ನ್ ಎರಡು ಸಲ ಕೂಗುತ್ತದೆ. ಅಕ್ಕನ ಕೈ ಮಾತ್ರ ಅವಸರ ಮಾಡುವುದಿಲ್ಲ. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಕೊನೆಯ ಕನ್ನಡಕ ಪೆಟ್ಟಿಗೆಗಿಳಿಯುತ್ತದೆ.

ಚಾಲಕ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಕೇಳುತ್ತಾನೆ: "ಎಷ್ಟು ತಪ್ಪು ಸಿಕ್ತು?"

"ಒಂದೂ ಇಲ್ಲ."

"ನೋಡಿದ್ರಾ, ಸುಮ್ಮನೆ ಕಾಯಿಸಿದ್ರಿ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಇಲ್ಲ ಅಂತ ಈಗ ಗೊತ್ತಾಯ್ತಲ್ಲಪ್ಪ. ಇನ್ನು ಧೈರ್ಯವಾಗಿ ತಗೊಂಡು ಹೋಗು."