ಕನ್ನಡಿ ಮುಂದಿನ ಕೆನ್ನೆ

ಮೊಳಕಾಲ್ಮೂರಿನ ಜುಂಜಣ್ಣನವರ ರೇಷ್ಮೆ ಅಂಗಡಿಯಲ್ಲಿ ದಿನಕ್ಕೆ ಹತ್ತಾರು ಸಲ ಮದುವಣಗಿತ್ತಿಯಾಗುವವನು ಬಿ.ಜಿ. ಕೆರೆಯ ಬಾಲರಾಜ. ಗಿರಾಕಿ ಕೇಳಿದ ಸೀರೆಯನ್ನು ತನ್ನ ಮೈಗೇ ಸುತ್ತಿಕೊಂಡು, ಸೆರಗು ಹೆಗಲಿಗೆ ಹಾಕಿ, ಕನ್ನಡಿ ಮುಂದೆ ತಿರುಗಿ ನಿಲ್ಲುವುದೇ ಅವನ ಕೆಲಸ. ಈ ವಿದ್ಯೆಯಲ್ಲಿ ತಾಲ್ಲೂಕಿಗೇ ತನಗೆ ಸಾಟಿಯಿಲ್ಲವೆಂದು ಅವನ ನಂಬಿಕೆ. ತಾಲ್ಲೂಕನ್ನು ಯಾರೂ ಕೇಳಿರಲಿಲ್ಲ.

ಕನ್ನಡಿಯ ಮೇಲಿನ ದೀಪವೇ ಅವನನ್ನು ಕೆಡಿಸಿದ್ದು. ಹೈಸ್ಕೂಲಿನ ಮೊಡವೆಗಳು ಕೆನ್ನೆಯಲ್ಲಿ ಬಿಟ್ಟುಹೋದ ಗುಂಡಿಗಳು ಆ ಬೆಳಕಿಗೆ ಎದ್ದು ಕಾಣುತ್ತಿದ್ದವು. ಗಿರಾಕಿಗಳು ಸೀರೆ ನೋಡಿದರೆ ಇವನು ಗುಂಡಿ ನೋಡುತ್ತಿದ್ದ. ಕಡೆಗೊಂದು ದಿನ ಚಳ್ಳಕೆರೆಯ ಕ್ಲಿನಿಕ್ಕೊಂದರಲ್ಲಿ ಲೇಸರ್ ಹೊಡೆಸಿಕೊಂಡು ಬಂದ. ಬಿಸಿಲಿಗೆ ಹೋಗಬೇಡಿ, ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡಿ ಎಂದಿದ್ದರು ಡಾಕ್ಟರಮ್ಮ.

ಕೆಂಪಗೆ ಊದಿದ ಕೆನ್ನೆ ಕಂಡು ಅವ್ವ ಬೋರಕ್ಕ ಎದೆ ಬಡಿದುಕೊಂಡಳು.

"ಮಕ ಕಾದ ಹೆಂಚಾಗೈತಲ್ಲೋ! ಉಷ್ಣ ಎಲ್ಲಾ ಮೇಲಕ್ಕೇರೈತೆ. ಬಾ, ಕುಂತ್ಕೋ."

ನೆತ್ತಿಗೆ ಹರಳೆಣ್ಣೆ ತಟ್ಟಿ, ಕೆನ್ನೆಗೂ ಸವರಿ, ಕೂಸಿಗೆ ಮಾಡುವಂತೆ ಅಂಗಳದ ಎಳೆ ಬಿಸಿಲಿಗೆ ಕೂರಿಸಿದಳು.

"ಬಿಸ್ಲು ಬ್ಯಾಡ ಅಂದವ್ರೆ ಕಣವ್ವಾ."

"ಇದೂ ಒಂದ್ ಬಿಸ್ಲೇನೋ? ಎಳೇ ಬಿಸ್ಲು! ಇದ್ರಾಗೆ ಕುಂತೇ ನೀನು ಇಷ್ಟುದ್ದ ಬೆಳ್ದಿದ್ದು."

ಬಿ.ಕಾಂ. ಓದಿದವನು ಈ ವಾದಕ್ಕೆ ಸೋತು ಕೆನ್ನೆಯನ್ನು ಬಿಸಿಲಿಗೊಡ್ಡಿದ. ಹಿತವಾಗಿಯೂ ಇತ್ತು. ವಾರವಿಡೀ ಕೂತ.

ಊತ ಇಳಿಯಿತು. ಕೆಂಪು ಹೋಗಿ, ಸೀದ ರೊಟ್ಟಿಯಂಥ ಕಪ್ಪು ಬಂದು ಕೂತಿತು. ಗುಂಡಿಗಳನ್ನು ಎಂದೂ ಗಮನಿಸದ ಗಿರಾಕಿಗಳು ಈಗ ಸೀರೆ ಬಿಟ್ಟು ಕೆನ್ನೆ ನೋಡತೊಡಗಿದರು. "ಸುಟ್ಕಂಡ್ಯಾ ತಮ್ಮಾ?" ಎಂದು ಮರುಗಿ, ಏನೂ ಕೊಳ್ಳದೆ ಎದ್ದು ಹೋದವರೂ ಉಂಟು.

ಜುಂಜಣ್ಣ ಗದರಲಿಲ್ಲ. "ಕಪ್ಪು ಹೋಗಾವರ್ಗೂ ಒಳಗೆ ಸೀರೆ ಮಡಚ್ಕಂಡಿರಪ್ಪ. ಹೋಗದಿದ್ರೆ ಆಮ್ಯಾಕೆ ನೋಡಾನ" ಎಂದರು. ಕನ್ನಡಿ ಮುಂದೆ ಅಂಗಡಿಯ ಇನ್ನೊಬ್ಬ ಹುಡುಗ, ನೆರಿಗೆ ಹಿಡಿಯಲೂ ಬಾರದ ದುರುಗೇಶ ನಿಂತ. ಒಳಗೆ ಕೂತ ಬಾಲರಾಜ "ಹೋಗದಿದ್ರೆ" ಎಂಬ ಮಾತನ್ನೇ ಮಡಚಿ ಬಿಚ್ಚಿ, ಬಿಚ್ಚಿ ಮಡಚಿ ಇಡುತ್ತಿದ್ದ. ತಡೆಯಲಾರದೆ ಚಳ್ಳಕೆರೆಗೆ ಓಡಿದ.

"ಏನ್ ಹಚ್ಚಿದ್ರಿ?" ಎಂದರು ಡಾಕ್ಟರಮ್ಮ.

"ಹರಳೆಣ್ಣೆ."

"ಬಿಸಿಲಿಗೆ ಹೋಗಿದ್ರಾ?"

"ಎಳೇ ಬಿಸ್ಲು, ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಳೇದಾದ್ರೂ ಬಿಸಿಲೇ ಕಣ್ರೀ! ಲೇಸರ್ ಆದ್ಮೇಲೆ ನಮ್ಮಂಥವರ ಚರ್ಮ ಕಪ್ಪಾಗೋದುಂಟು. ನೀವು ಅದನ್ನ ಕೂತು ಕಾಯಿಸಿದ್ದೀರಿ. ಹೆದರಬೇಡಿ, ನಿಧಾನಕ್ಕೆ ತಿಳಿಯಾಗುತ್ತೆ. ಗುಂಡಿ ಮಾತ್ರ ಒಂದಿಷ್ಟು ಉಳಿಯುತ್ತೆ."

"ಗುಂಡಿ ಇರ್ಲಿ ಬಿಡಿ ಮೇಡಂ!"

ಹೊರಗೆ ಕೂತವರೆಲ್ಲ ಬಾಗಿಲತ್ತ ತಿರುಗಿದರು.

ಆಮೇಲೆ ಎಳೆ ಬಿಸಿಲಿಗೆ ಬೋರಕ್ಕ ಒಬ್ಬಳೇ ಕೂತಳು. ಮಗ ಹೊಸ್ತಿಲು ದಾಟಿದರೆ "ಒಳಗೋಗಲೇ" ಎಂದು ಅಟ್ಟಿದಳು. ಮದುವೆಗಳ ಕಾಲ ಬರುವಷ್ಟರಲ್ಲಿ ಕಪ್ಪು ತೊಳೆದುಹೋಗಿತ್ತು. ಬಾಲರಾಜ ಮತ್ತೆ ದೀಪದ ಕೆಳಗೆ ಸೀರೆ ಸುತ್ತಿ, ಉಸಿರು ಬಿಗಿಹಿಡಿದು ನಿಂತ. ಮಗಳ ಮದುವೆಗೆ ಸೀರೆ ಆರಿಸಲು ಬಂದಿದ್ದ ರಾಯದುರ್ಗದ ರಾಧಮ್ಮ ಕಣ್ಣು ಕಿರಿದು ಮಾಡಿ ಅವನತ್ತ ಬಾಗಿದರು.

"ಏಮಯ್ಯಾ, ನಿನ್ ಮಕ ಒಸಿ ಆ ಕಡೆ ಇಟ್ಕೋ. ನೆರಳು ಬಿದ್ದು ಸೆರಗಿನ ಹೂವೇ ಕಾಣ್ತಿಲ್ಲ."

ಇಷ್ಟು ಸಂತೋಷದಿಂದ ಬಾಲರಾಜ ಎಂದೂ ಮುಖ ತಿರುಗಿಸಿರಲಿಲ್ಲ.