ಬೆಟ್ಟಕ್ಕೆ ಹೋದದ್ದನ್ನು ಬರೆದುಕೊಂಡೆ

ಮಕ್ಕಳೇ, ಕೊರೋನಾ ಮುಗಿದು ನೀವು ಮತ್ತೆ ಶಾಲೆಗೆ ಹೋಗತೊಡಗಿದ ವರ್ಷದ ಬೇಸಿಗೆ ಅದು. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಸಿದ್ದಾಪುರ ತಾಲೂಕಿನ ನಮ್ಮೂರಿನಲ್ಲೇ ಆಶಾ ಕಾರ್ಯಕರ್ತೆಯಾಗಿದ್ದೆ. ನನ್ನ ಪಾಲಿಗೆ ನೂರಾ ಹದಿನಾಲ್ಕು ಮನೆ. ಊರ ಶಾಲೆಯಲ್ಲಿ ಓದಿದ ನನಗೆ ನಾಲ್ಕು ಜನರೆದುರು ಬಾಯಿ ಬಾರದು. ಕೊಟ್ಟ ಫಾರ್ಮನ್ನು ತಪ್ಪಿಲ್ಲದೆ ತುಂಬುವುದು ಮಾತ್ರ ಬರುತ್ತಿತ್ತು.

ಆ ಬೇಸಿಗೆ ಊರ ಹಿಂದೆ ಮೂರು ಮಂಗ ಸತ್ತು ಬಿದ್ದವು. ಕೆ.ಎಫ್.ಡಿ. ಎಂದರೆ ಮಂಗನ ಕಾಯಿಲೆ, ಕಾಡಿನ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಬರುವ ಜ್ವರ. ಕಾಡಿಗೆ ಯಾರೂ ಹೋಗಕೂಡದೆಂದು ಆದೇಶವಾಯಿತು. ನನಗೆ ಕೊಟ್ಟ ಫಾರ್ಮಿನಲ್ಲಿ ‘ಅರಣ್ಯ ಪ್ರವೇಶಿಸಿದ್ದಾರೆಯೇ? ಹೌದು/ಇಲ್ಲ’ ಎಂಬ ಕಾಲಂ ಇತ್ತು.

ನಮ್ಮಲ್ಲಿ ಅರಣ್ಯ ಎಂದು ಯಾರು ಹೇಳುತ್ತಾರೆ? ಹಿತ್ತಲಿನಾಚೆಯ ಮರಗಳಿಂದ ಹಿಡಿದು ಕಣ್ಣಿಗೆ ಕಂಡಷ್ಟೂ ಬೆಟ್ಟವೇ. ಕೊಟ್ಟಿಗೆಗೆ ಹಾಸುವ ಒಣಗಿದೆಲೆ, ನಮ್ಮ ಮಾತಿನ ದರಕು, ಗುಡಿಸಿ ತರುವುದು ಅಲ್ಲಿಂದಲೇ.

“ಬೆಟ್ಟಕ್ಕೆ ಹೋಗಿದ್ಯಾ ಕೆರಿಯಣ್ಣ?” ಎಂದು ನನ್ನ ಪಾಲಿನ ಮನೆಯೊಂದರ ಜಗುಲಿಯಲ್ಲಿ ಫಾರ್ಮು ಬಿಡಿಸಿ ಕೇಳಿದೆ.

“ಹೋಗ್ದೆ ಎಂತ ಮಾಡೂದೆ ತಂಗಿ? ದನಕ್ಕೆ ನಿನ್ನ ಫಾರ್ಮು ಹಾಸ್ಲಾ?” ಎಂದು ನಕ್ಕ.

ಅವನ ಹೆಂಡತಿ ಬಂಗಾರಕ್ಕ ನಗಲಿಲ್ಲ. “ಇದನ್ನ ಯಾರ‍್ಯಾರು ನೋಡ್ತಾರೆ?”

“ಡಾಕ್ಟ್ರು ಬಿಟ್ರೆ ಯಾರೂ ಇಲ್ಲ ಅಕ್ಕ” ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ನಂಬಿದ್ದೆ. ‘ಹೌದು’ ಎಂಬಲ್ಲಿ ಗುರುತು ಹಾಕಿದೆ.

ಹದಿನೈದು ದಿನಕ್ಕೆ ಹನ್ನೊಂದು ಜನರಿಗೆ ನೋಟಿಸು ಬಂತು, ಕೆರಿಯಣ್ಣನಿಗೂ. ನಿಷೇಧವಿದ್ದರೂ ಅರಣ್ಯ ಪ್ರವೇಶಿಸಿದ್ದನ್ನು ತಾವೇ ಒಪ್ಪಿಕೊಂಡಿದ್ದೀರಿ ಎಂದಿತ್ತು. ನನ್ನ ಪಟ್ಟಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ ಇಂದಿಗೂ ತಿಳಿದಿಲ್ಲ. ಧೈರ್ಯ ಮಾಡಿ ತಾಲೂಕಿಗೆ ಹೋದೆ. “ಇದೆಲ್ಲ ಜನರ ಜೀವ ಉಳಿಸೋದಕ್ಕೇ ಅಲ್ವೇನಮ್ಮಾ?” ಎಂದರು ಅಲ್ಲಿಯ ಸಾಹೇಬರು. ಅದು ಸುಳ್ಳೂ ಆಗಿರಲಿಲ್ಲ. ಊರ ಜನ ಹೇಳಿದ್ದು ಬೆಟ್ಟ, ಅರಣ್ಯ ಎಂದು ಬರೆದವಳು ನಾನು ಎನ್ನಬೇಕಿತ್ತು. ನಮಸ್ಕಾರ ಮಾಡಿ ಹೊರಟು ಬಂದೆ.

ತಿಂಗಳೊಳಗೆ ಕೆರಿಯಣ್ಣನಿಗೆ ಜ್ವರ ಬಂತು. ರಕ್ತ ಪರೀಕ್ಷೆಗೆ ಕರೆದರೆ ಕಂಬಳಿ ಎಳೆದುಕೊಂಡ.

“ರಕ್ತದಲ್ಲಿ ಬೆಟ್ಟಕ್ಕೆ ಹೋಗಿದ್ದು ಗೊತ್ತಾಗ್ತದಲ್ಲೆ. ಇನ್ನೊಂದು ನೋಟಿಸು ತರ್ತ್ಯಾ? ಬರ್ಕ, ಕೆರಿಯಣ್ಣ ಮಂಚ ಬಿಟ್ಟು ಇಳೀಲೇ ಇಲ್ಲ ಅಂತ.”

ದಿನಾ ಹೋದೆ, ದಿನಾ ಅದೇ ಮಾತು. ಏಳನೇ ದಿನ ಮೂಗಿನಲ್ಲಿ ರಕ್ತ ಬಂದ ಮೇಲೆ ಆಂಬುಲೆನ್ಸ್ ಹತ್ತಿಸಿದೆವು. ಶಿರಸಿ ಮುಟ್ಟುವ ಮೊದಲೇ ಉಸಿರು ನಿಂತಿತು.

ಮರುವರ್ಷ ಅದೇ ಫಾರ್ಮು ಬಂತು. ನೂರಾ ಹದಿನಾಲ್ಕು ಮನೆಯಲ್ಲೂ ‘ಇಲ್ಲ’. ಸಭೆಯಲ್ಲಿ ನಮ್ಮೂರಿನ ಜಾಗೃತಿಯನ್ನು ಹೊಗಳಿ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ.

ಉತ್ತರ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದವಳು ಪ್ರಶ್ನೆ ಕೇಳಬಾರದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತ ಮೇಲೂ, ಕೆಲಸ ಬಿಡುವವರೆಗೂ ಕೇಳುತ್ತಲೇ ಇದ್ದೆ. ಕೊನೆಯ ಸಲ ಹೋದಾಗ ಬಂಗಾರಕ್ಕನ ಕೂದಲಲ್ಲಿ ದರಕಿನ ಚೂರು ಸಿಕ್ಕಿಕೊಂಡಿತ್ತು. ನಾನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

“ಇಲ್ಲ ಅಂತ ಬರಿ” ಎಂದಳು.

ಬರೆದೆ.