ಗಂಟೆ ಹಿಡಿದವನ ಸರದಿ

ಒಂದು ಜನಾಂಗದ ಪರವಾಗಿ ನೀವು ವೇದಿಕೆಯಲ್ಲಿ ಆವೇಶದಿಂದ ಮಾತನಾಡುತ್ತಿರುವಾಗ, ಅದೇ ಮೂಲದವನೊಬ್ಬ ಪಕ್ಕದಲ್ಲೇ ಕುಳಿತಿದ್ದರೆ, ಅವನನ್ನೂ ಒಂದು ಮಾತು ಕೇಳಬೇಕೆಂದು ನಿಮಗೆ ಹೊಳೆಯುತ್ತಿತ್ತೇ? ನನಗೆ ಹೊಳೆಯಲಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಬಟ್ಟಲಿನಲ್ಲಿ ಮಸ್ಕತ್ತಿನ ಹಮ್ರಿಯಾ ಬಡಾವಣೆಯ ನಮ್ಮ ಮನೆಯಲ್ಲಿ ಲವಂಗ ತುಂಬಿಡುತ್ತಿದ್ದೆವು. ನನ್ನ ವಾಗ್ಮಿತೆಯಿಂದ ಸಂಸಾರಕ್ಕಾದ ಏಕೈಕ ಲಾಭ ಅದೆಂದು ನನ್ನ ಹೆಂಡತಿಯ ಅಭಿಪ್ರಾಯ. ಮೊನ್ನೆ ಚಹಾಕ್ಕೆಂದು ಅದರ ಮುಚ್ಚಳ ತೆಗೆದಾಗ, ಆ ಘಮದೊಡನೆ ಧಾರವಾಡದ ಕಾಲೇಜಿನ ಸಭಾಂಗಣವೇ ಎದ್ದು ಬಂತು.

ಅಂದಿನ ವಿಷಯ: ಕಪ್ಪು ರಾಷ್ಟ್ರೀಯತೆ ದ್ವೇಷದ ದಾರಿಯೇ? ಅಲ್ಲವೆಂದು ನಾನು ವಾದಿಸಿದ್ದೆ. ಆಫ್ರಿಕಾದಿಂದ ಹಿಡಿದು ತಂದು ಮಾರಲಾದವರ ಸಂತತಿ, ಅಮೆರಿಕದಲ್ಲಿ ಬಿಡುಗಡೆಯ ಬಳಿಕವೂ ಸಮಾನತೆ ಸಿಗದಾಗ, ತನ್ನದೇ ಚರ್ಚು, ಶಾಲೆ, ಪತ್ರಿಕೆಗಳನ್ನು ಕಟ್ಟಿಕೊಂಡಿತು. ಕೆಲವರು ಆಫ್ರಿಕಾಕ್ಕೆ ಮರಳುವ, ಕೆಲವರು ಇದ್ದಲ್ಲೇ ಸ್ವಂತ ನೆಲ ಪಡೆಯುವ ಕನಸು ಕಂಡರು. ನಾವೂ ಒಂದು ರಾಷ್ಟ್ರ, ನಮ್ಮ ಬಾಳನ್ನು ನಾವೇ ಆಳಿಕೊಳ್ಳುತ್ತೇವೆ ಎಂಬುದೇ ಕಪ್ಪು ರಾಷ್ಟ್ರೀಯತೆಯ ತಿರುಳು. "ಅವರ ಪರವಾಗಿ ಇತರರು ಮಾತನಾಡಿದ್ದು ಸಾಕು!" ಎಂದು ನಾನು ಮೇಜು ಗುದ್ದಿದೆ. ಚಪ್ಪಾಳೆಯ ನಡುವೆ ಸಮಯ ಮುಗಿದ ಗಂಟೆ ಕೇಳಿಸಿತು.

ಬಾರಿಸಿದವನು ನನ್ನ ಸಹಪಾಠಿ ಪೆದ್ರು, ಯಲ್ಲಾಪುರದ ಕಡೆಯ ಸಿದ್ದಿ. ಅವನ ಹಿರಿಯರನ್ನೂ ಆಫ್ರಿಕಾದಿಂದಲೇ ಹಡಗಿನಲ್ಲಿ ತಂದಿದ್ದರು. ಮೂರು ವರ್ಷವೂ ಅವನಿಗೆ ಗಂಟೆಯೇ.

ಈಗ ಅವನೂ ಒಮಾನಿನಲ್ಲೇ, ಸೊಹಾರಿನ ಉಕ್ಕಿನ ಕಾರ್ಖಾನೆಯಲ್ಲಿ ತಂತ್ರಜ್ಞ. ಈ ವರ್ಷ ಮಸ್ಕತ್ತಿನ ಕನ್ನಡ ಗೆಳೆಯರ ಸಭೆಗೆ, ಹಳೆಯ ಜಂಬದಿಂದ, ಅದೇ ವಿಷಯವನ್ನು ಆರಿಸಿದೆ. ಭಾಷಣಕಾರರ ಪಟ್ಟಿ ಬರೆದು, ಗಂಟೆ ಬಾರಿಸಲು ಬಾ ಎಂದು ಪೆದ್ರುವಿಗೆ ಫೋನು ಮಾಡಿದೆ.

"ಎಂತ ಮಾರಾಯ, ಕಡಲು ದಾಟಿ ಬಂದ್ರೂ ನಂಗೆ ಗಂಟೆಯೇನಾ?" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. "ಮಾತಾಡ್ತೀಯೇನೋ?" ಎಂದೆ.

"ಕಾಲೇಜಲ್ಲೇ ಭಾಷಣ ಬರ್ಕೊಂಡಿದ್ದೆ. ನೀನು ಕೇಳ್ಲಿಲ್ಲ."

ಶುಕ್ರವಾರ ಸಂಜೆ ಅವನು ಮಾತಿಗೆ ನಿಂತ. "ಇಲ್ಲಿ ಆಫ್ರಿಕಾದ ಜಂಜಿಬಾರಿಂದ ಬಂದೋರು ತುಂಬ, ಅಂಗಡಿಗೆ ಹೋದ್ರೆ ನಂಗೂ ಅವ್ರ ಸ್ವಾಹಿಲಿ ಭಾಷೆಯಲ್ಲೇ ಸಲಾಮು. ಯಲ್ಲಾಪುರ ಅಂದ್ರೆ, ಅದು ಜಂಜಿಬಾರಲ್ಲಿ ಎಲ್ಲಿ ಅಂತಾರೆ!" ಸಭೆ ನಕ್ಕಿತು. "ಇವ್ರು ಕೇಳಿದ್ರೆ ಬೇಜಾರಿಲ್ಲ. ಹುಟ್ಟಿದೂರಿನ ಬಸ್ಸಲ್ಲೂ 'ಯಾವ ದೇಶ' ಅಂತಾರಲ್ಲ, ಅದಕ್ಕೆ ಬೇಜಾರು. ನಂಗೆ ಬೇರೆ ದೇಶ ಬೇಡ. ಆದ್ರೆ ನನ್ನ ಮಾತು ನಾನೇ ಆಡ್ಬೇಕು. ಅದನ್ನ ಅಮೆರಿಕದ ಆ ಕಪ್ಪು ಜನರಿಂದ ಕಲಿತೆ."

ಗಂಟೆ ನನ್ನ ಕೈಯಲ್ಲಿತ್ತು. ಸಮಯ ಮುಗಿದಿತ್ತು. ಅವನು ತಿರುಗಿ, "ಖಲಾಸಾ?" ಎಂದ.

"ಯಲ್ಲಾ, ಮುಂದುವರಿಸು," ಎಂದೆ.

ಬಟ್ಟಲು ಈಗ ಸೊಹಾರಿನಲ್ಲಿ ಪೆದ್ರುವಿನ ಮನೆಯಲ್ಲಿದೆ. ನಮ್ಮ ಲವಂಗ ಸ್ಟೀಲಿನ ಡಬ್ಬಿಯಲ್ಲಿ ನೆಮ್ಮದಿಯಾಗಿದೆ, ನಾನೂ ಸಹ. ನಿಮ್ಮಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಭೆಯ ಪಟ್ಟಿ ಬರೆಯುವ ಮುನ್ನ, ಗಂಟೆ ಹಿಡಿಯುವವರನ್ನು ಒಮ್ಮೆ ಕೇಳಿ, ನೀವು ಮಾತನಾಡುತ್ತೀರಾ ಎಂದು.